ಬಾಯಾರಿದ ಮಾರ್ಜರಿಯ ಹೊಲದಲ್ಲಿ

ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರ ಜೂನ್ ತಿಂಗಳ ಒಂದು ಶನಿವಾರ, ಹನ್ನೊಂದು ಜನರ ಎದುರಿಗೆ, ನನ್ನ ಅಪ್ಪನನ್ನೇ ನನಗೆ ಗೊತ್ತಿಲ್ಲದವನು ಎಂದು ನಾನು ಹೇಳಿದೆ. ಅಪ್ಪ ನನ್ನಿಂದ ನಾಲ್ಕು ಮಾರು ದೂರದಲ್ಲಿ ನಿಂತಿದ್ದ. ಅವನಿಗೆ ಆಗ ಎಪ್ಪತ್ತಮೂರು ವರ್ಷ. ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು.

ಅಪ್ಪನ ಹೆಸರು ಜೇಬೆಜ್ ಕರ್ನೋ. ಇಂಗ್ಲೆಂಡಿನ ಕಾರ್ನ್‌ವಾಲಿನ ಪಡುವಣ ತುದಿಯಲ್ಲಿ, ಟ್ರೆಗೊರ್ಲಾ ಎಂಬ ನಮ್ಮ ಹಳ್ಳಿಯ ಸುತ್ತಮುತ್ತ ಬಾವಿ ತೋಡುವುದು, ಪೈಪು ಹಾಕುವುದು ಅವನ ಕಸುಬು. ನೀರು ನೋಡುವವನೂ ಅವನೇ. ಹೇಝಲ್ ಗಿಡದ ಕವಲು ಕಡ್ಡಿಯೊಂದನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ಹೊಲದ ಮೇಲೆ ನಿಧಾನವಾಗಿ ನಡೆಯುತ್ತಿದ್ದ. ಕಡ್ಡಿಯ ಮೂತಿ ಕೆಳಗೆ ಬಾಗಿದ ಕಡೆ ಹಿಮ್ಮಡಿಯಿಂದ ಮಣ್ಣೊತ್ತಿ, "ಇಲ್ಲಿ. ಹದಿನೆಂಟಡಿ" ಎನ್ನುತ್ತಿದ್ದ. ಬಹಳ ಸಲ ನೀರು ಸಿಗುತ್ತಿತ್ತು. ಸಿಗದಿದ್ದಾಗ "ತಪ್ಪು ನಂದು, ಕಡ್ಡೀದಲ್ಲ" ಎಂದು ಇನ್ನೊಂದು ಕಡೆ ಮತ್ತೆ ಗುದ್ದಲಿ ಹಾಕುತ್ತಿದ್ದ. ನನಗೆ ಒಂಬತ್ತು ವರ್ಷವಾಗಿದ್ದಾಗ ಅದೇ ಕಡ್ಡಿಯನ್ನು ನನ್ನ ಕೈಗೆ ಕೊಟ್ಟು, ಹಿಂದಿನಿಂದ ನನ್ನ ಮಣಿಕಟ್ಟು ಹಿಡಿದು ಹೊಲ ದಾಟಿಸಿದ್ದ. ಕಡ್ಡಿ ಬಾಗಿದಾಗ ನಾನು ಹೆದರಿ ಕೂಗಿಕೊಂಡಿದ್ದೆ. ಅವನು ಅರ್ಧ ಗಂಟೆ ನಕ್ಕಿದ್ದ.

ನಾನು ಅವನ ಕಸುಬು ಹಿಡಿಯಲಿಲ್ಲ. ಬೇಸಿಗೆಯಲ್ಲಿ ಕಡಲ ತೀರಕ್ಕೆ ಬರುವ ಬಸ್ಸುಗಳಲ್ಲಿ ಮೈಕು ಹಿಡಿದು ಊರು ತೋರಿಸುವ ಕೆಲಸಕ್ಕೆ ಸೇರಿದೆ. ಮೂವತ್ತೈದು ದಾಟಿದರೂ ಅದೇ ಮೈಕು, ಅದೇ ಮಾತು. ಆಗ ಒಂದು ಸಂಜೆ ಪೆನ್ಝಾನ್ಸ್ ಪಟ್ಟಣದಲ್ಲಿ ಲೇ ರೇಖೆಗಳ ಮೇಲೆ ಯಾರೋ ಮಾಡಿದ ಭಾಷಣ ಕೇಳಿದೆ. ಪುರಾತನರು ನಿಲ್ಲಿಸಿದ ಕಲ್ಲುಗಳು, ಹಳೆಯ ಚರ್ಚುಗಳು, ಗುಡ್ಡದ ನೆತ್ತಿಗಳು ನೇರ ಗೆರೆಗಳ ಮೇಲೆ ಸಾಲಾಗಿ ಬರುತ್ತವೆ, ಆ ಗೆರೆಗುಂಟ ಭೂಮಿಯ ಶಕ್ತಿ ಹರಿಯುತ್ತದೆ, ಕಡ್ಡಿ ಹಿಡಿದವನಿಗೆ ಅದು ತಿಳಿಯುತ್ತದೆ ಎಂದು ಆತ ಹೇಳಿದ. ಸಭೆಯಲ್ಲಿದ್ದವರೆಲ್ಲ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಬಸ್ಸಿನಲ್ಲಿ ನನ್ನ ಮಾತನ್ನು ಯಾರೂ ಹಾಗೆ ಕೇಳಿದ್ದಿಲ್ಲ.

ಮುಂದಿನ ವಸಂತದಲ್ಲಿ ನಾನು ಶನಿವಾರದ ನಡಿಗೆ ಶುರು ಮಾಡಿದೆ. ತಾಮ್ರದ ತಂತಿಯನ್ನು ಮೊಣಕೈಯಂತೆ ಬಗ್ಗಿಸಿ ಎರಡು ಕಡ್ಡಿ ಮಾಡಿಕೊಂಡೆ. ಹೇಝಲ್ ಕಡ್ಡಿ ನೋಡಲು ತೀರಾ ಬಡವಾಗಿ ಕಾಣುತ್ತಿತ್ತು. ಮೆಲ್ವಿನ್ ಕರ್ನೋ ಎಂಬ ಹೆಸರೂ ಹಾಗೆಯೇ ಕಂಡಿತು. ನಮ್ಮ ಹಳೆಯ ಸಂತನೊಬ್ಬನ ಹೆಸರು ಹಿಡಿದು 'ಮೆರಿಯಾಸೆಕ್' ಎಂದು ಕರೆದುಕೊಂಡೆ. ಈ ವಿದ್ಯೆ ನಿಮಗೆ ಹೇಗೆ ಬಂತು ಎಂದು ಕೇಳಿದವರಿಗೆ, ನಮ್ಮ ವಂಶದಲ್ಲಿ ಏಳು ತಲೆಮಾರಿನ ಮಾಟಗಾತಿಯರಿದ್ದರು, ಕೊನೆಯವಳು ನನ್ನ ಅಜ್ಜಿ, ಸಾಯುವ ಮುಂಚೆ ನನ್ನ ಅಂಗೈ ಮೇಲೆ ಉಸಿರೂದಿ ಕೊಟ್ಟುಹೋದಳು ಎನ್ನುತ್ತಿದ್ದೆ. ನನ್ನ ಅಜ್ಜಿ ಬಂದರಿನಲ್ಲಿ ಮೀನು ಸೀಳುತ್ತಿದ್ದವಳು. ಭಾನುವಾರ ತಪ್ಪದೆ ಚಾಪೆಲ್ಲಿಗೆ ಹೋಗುತ್ತಿದ್ದಳು. ಮಾಟ ಎಂಬ ಮಾತು ಕಿವಿಗೆ ಬಿದ್ದರೆ ಎದ್ದು ಹೋಗುತ್ತಿದ್ದಳು.

ನಡಿಗೆ ಕೊನೆಗೊಳ್ಳುತ್ತಿದ್ದುದು ಟ್ರೆಂಬಾತ್ ರೈತನ ಮೇಲಿನ ಹೊಲದಲ್ಲಿ, ಬಾಯಾರಿದ ಮಾರ್ಜರಿಯ ಬಳಿ. ಅದು ಎರಡಾಳೆತ್ತರದ ಒಂಟಿ ಕಲ್ಲು, ಮೇಲ್ಗಡೆ ಒಂದಿಷ್ಟು ಬಾಗಿದೆ. ಮಾರ್ಜರಿ ಎಂಬವಳು ಬಾಗಿಲಿಗೆ ಬಂದ ಸಂತನಿಗೆ ಒಂದು ಬೊಗಸೆ ನೀರು ಕೊಡಲಿಲ್ಲವಂತೆ. ಅವಳು ಅಲ್ಲೇ ಕಲ್ಲಾದಳು. ಚರ್ಚಿನ ಗಡಿಯಾರ ಹನ್ನೆರಡು ಹೊಡೆದದ್ದು ಕೇಳಿಸಿದಾಗಲೆಲ್ಲ ಎದ್ದು ಹೊಳೆಗೆ ಹೋಗಿ ನೀರು ಕುಡಿದು ಬರುತ್ತಾಳಂತೆ. "ಕೇಳಿಸಿದಾಗ, ನೋಡು," ಎಂದು ಅಪ್ಪ ನನಗೆ ಚಿಕ್ಕಂದಿನಲ್ಲಿ ಕಣ್ಣು ಮಿಟುಕಿಸಿ ಹೇಳಿದ್ದ. "ಕಲ್ಲಿಗೆ ಕಿವಿ ಎಲ್ಲಿದೆ?" ನಾನು ಕಥೆಯನ್ನು ಬಂದವರಿಗೆ ಹೇಳುತ್ತಿದ್ದೆ, ಅಪ್ಪನ ತಮಾಷೆಯನ್ನು ಬಿಟ್ಟುಬಿಡುತ್ತಿದ್ದೆ.

ಕಲ್ಲಿನಿಂದ ಮೂಡಣಕ್ಕೆ ಹನ್ನೆರಡು ಹೆಜ್ಜೆ ಹೋದರೆ ತಾಮ್ರದ ಕಡ್ಡಿಗಳು ಒಂದರ ಮೇಲೊಂದು ಬಂದು ಕತ್ತರಿಯಾಗುತ್ತಿದ್ದವು. ಎರಡು ಲೇ ರೇಖೆಗಳು ಕೂಡುವ ಜಾಗ ಇದು ಎನ್ನುತ್ತಿದ್ದೆ. ಕಡ್ಡಿಗಳು ನಿಜವಾಗಿ ತಿರುಗುತ್ತಿದ್ದವೋ, ನಾನೇ ತಿರುಗಿಸುತ್ತಿದ್ದೆನೋ ಎಂದು ನನ್ನನ್ನು ನಾನು ಕೇಳಿಕೊಳ್ಳುತ್ತಿರಲಿಲ್ಲ. ಜನ ಕಣ್ಣು ಮುಚ್ಚಿ ಅಲ್ಲಿ ನಿಲ್ಲುತ್ತಿದ್ದರು. ಕೆಲವರು ಅಳುತ್ತಿದ್ದರು.

ಅಪ್ಪನಿಗೆ ಇದೊಂದೂ ಗೊತ್ತಿರಲಿಲ್ಲ. ನಾವಿಬ್ಬರೂ ಒಂದೇ ಮನೆಯಲ್ಲಿದ್ದೆವು. ಶನಿವಾರ ಏನು ಮಾಡ್ತೀಯ ಎಂದರೆ "ಜನಕ್ಕೆ ಊರು ತೋರಿಸ್ತೀನಿ" ಎಂದಿದ್ದೆ.

ಆ ಶನಿವಾರ ಲಂಡನ್ನಿನ ಒಂದು ಪತ್ರಿಕೆಯಿಂದ ಫಿಲಿಡಾ ಗಾರ್ಸ್ಟನ್ ಎಂಬ ಹೆಂಗಸು ಬಂದಿದ್ದಳು, ಜೊತೆಗೊಬ್ಬ ಫೋಟೋಗ್ರಾಫರ್. ನನ್ನ ಬಗ್ಗೆ ಬರೆಯಲೆಂದೇ ಬಂದಿದ್ದಳು. ನಾನು ಹಿಂದಿನ ದಿನ ಕೂದಲು ಕತ್ತರಿಸಿಕೊಂಡು ಬಿಳಿ ನಿಲುವಂಗಿಗೆ ಇಸ್ತ್ರಿ ಹಾಕಿಕೊಂಡಿದ್ದೆ. ಕಲ್ಲಿನ ಕಥೆ ಮುಗಿಸಿ, ಕಡ್ಡಿ ಹಿಡಿದು ಹನ್ನೆರಡು ಹೆಜ್ಜೆ ಎಣಿಸುತ್ತ ನಡೆದೆ. ಕಡ್ಡಿಗಳು ಕತ್ತರಿಯಾದವು. ಕ್ಯಾಮೆರಾ ಸದ್ದಾಯಿತು.

"ಭೇಷ್, ನನ್ನ ರಾಜಾ!"

ತಿರುಗಿ ನೋಡಿದರೆ ಅಪ್ಪ. ಮಣ್ಣು ಮೆತ್ತಿದ ಬೂಟು, ಹೆಗಲ ಮೇಲೆ ಗುದ್ದಲಿ, ಕೋಟಿನ ಜೇಬಿನಿಂದ ಕಾಗದ ಸುತ್ತಿದ ಪಾಸ್ಟಿ ಕಡುಬು ಇಣುಕುತ್ತಿತ್ತು. ಟ್ರೆಂಬಾತನ ದನಗಳು ನೀರು ಕುಡಿಯುವ ತೊಟ್ಟಿ ಬತ್ತಿತ್ತಂತೆ, ಪೈಪು ಎಲ್ಲೋ ಸೋರುತ್ತಿದೆ ಎಂದು ಅವನನ್ನು ಕರೆಸಿದ್ದರು. ನನಗೆ ಅದು ಗೊತ್ತಿರಲಿಲ್ಲ. ಅಪ್ಪ ಬೇಲಿಯ ಪಕ್ಕದಲ್ಲಿ ನಿಂತು ನನ್ನನ್ನು ನೋಡುತ್ತಿದ್ದನೆಂದು ಕಾಣುತ್ತದೆ. ಅವನ ಮುಖದ ತುಂಬ ನಗು.

"ಕರೆಕ್ಟಾಗಿ ಹಿಡ್ದೆ ಕಣೋ!" ಎಂದ. "ಅದರ ಮೇಲೇ ನಿಂತಿದ್ದೀಯ. ಐವತ್ತೊಂದನೇ ಇಸವೀಲಿ ನಾನೇ ಹಾಕಿದ್ದು ಆ ಪೈಪು. ಹೊಳೆಯಿಂದ ತೊಟ್ಟೀಗೆ. ಮೂರಡಿ ಆಳದಲ್ಲಿದೆ. ಕೈ ಮರ್ತಿಲ್ಲ ನೋಡು, ನಿನ್ನ ಕೈ!"

ಅವನು ನನ್ನನ್ನು ಹೊಗಳುತ್ತಿದ್ದ. ನಾನು ಆಟ ಕಟ್ಟಿದ್ದೇನೆಂದು ಅವನಿಗೆ ಹೊಳೆದೇ ಇರಲಿಲ್ಲ. ಮಗ ಮರಳಿ ನೀರಿನ ದಾರಿಗೆ ಬಂದಿದ್ದಾನೆ, ಇಷ್ಟು ಜನಕ್ಕೆ ಕಲಿಸುತ್ತಿದ್ದಾನೆ ಎಂದುಕೊಂಡಿದ್ದ.

ಹಿಂದೆ ಯಾರೋ ಕಿಸಕ್ಕೆಂದರು. "ಪೈಪಾ?" ಎಂದರು ಇನ್ಯಾರೋ.

ಫಿಲಿಡಾ ಪೆನ್ನು ನಿಲ್ಲಿಸಿ ಕೇಳಿದಳು: "ಮೆರಿಯಾಸೆಕ್, ಇವರು ನಿಮಗೆ ಗೊತ್ತಾ?"

ಅಪ್ಪ ಆ ಹೆಸರು ಕೇಳಿ ನನ್ನ ಹಿಂದೆ ಯಾರಾದರೂ ಇದ್ದಾರೇನೋ ಎಂದು ನೋಡಿದ.

"ಇಲ್ಲ," ಎಂದೆ. "ನನಗೆ ಗೊತ್ತಿಲ್ಲ. ಇಲ್ಲೇ ಹೊಲದಲ್ಲಿ ಕೆಲಸ ಮಾಡೋ ಯಾರೋ ಇರ್ಬೇಕು. ವಯಸ್ಸಾಗಿದೆ, ಪಾಪ." ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನಾನು ದನಿ ತಗ್ಗಿಸಿ, ಬಲಗೈ ತೋರುಬೆರಳನ್ನು ಹಣೆಯ ಪಕ್ಕಕ್ಕೆ ತಂದು ಎರಡು ಸುತ್ತು ತಿರುಗಿಸಿದೆ.

ನಮ್ಮ ಅಮ್ಮ ಬದುಕಿನ ಕೊನೆಯ ಆರು ವರ್ಷ ಹುಚ್ಚಾಸ್ಪತ್ರೆಯಲ್ಲಿದ್ದಳು. ಅಪ್ಪ ಪ್ರತಿ ಭಾನುವಾರ ಎರಡು ಬಸ್ಸು ಬದಲಿಸಿ ಹೋಗಿ ಅವಳ ಕೂದಲು ಬಾಚಿ ಬರುತ್ತಿದ್ದ. ಆ ಕಾಲದಲ್ಲಿ ಶಾಲೆಯ ಹುಡುಗರು ನನ್ನನ್ನು ಕಂಡರೆ ಹಣೆಯ ಪಕ್ಕದಲ್ಲಿ ಬೆರಳು ತಿರುಗಿಸುತ್ತಿದ್ದರು. ಒಂದು ಸಲ ಹಾಗೆ ಮಾಡಿದವನ ಹಲ್ಲು ಮುರಿದು ಮನೆಗೆ ಬಂದಿದ್ದೆ. ಅಪ್ಪ ಬೈಯಲಿಲ್ಲ. ನನ್ನ ಕೈಯನ್ನು ಬಿಸಿನೀರಿನಲ್ಲಿ ತೊಳೆದು ಬಟ್ಟೆ ಕಟ್ಟಿದ.

ಅಪ್ಪ ನನ್ನ ಬೆರಳನ್ನು ನೋಡಿದ. ಅವನ ನಗು ಒಮ್ಮೆಗೇ ಹೋಗಲಿಲ್ಲ. ಅದನ್ನು ಎಲ್ಲಿಡಬೇಕೆಂದು ತಿಳಿಯದವನಂತೆ ಕ್ಷಣಹೊತ್ತು ಹಾಗೇ ನಿಂತ. ಆಮೇಲೆ ಟೋಪಿ ತೆಗೆದ.

"ತಪ್ಪಾಯ್ತು ಸ್ವಾಮಿ," ಎಂದ. "ಬಿಸಿಲು ಕಣ್ಣಿಗೆ ಹೊಡೀತಿತ್ತು. ಬೇರೆ ಯಾರೋ ಅಂದ್ಕೊಂಡೆ."

ನನ್ನ ಅಪ್ಪ ನನ್ನನ್ನು ಸ್ವಾಮಿ ಎಂದು ಕರೆದ. ನಾನು ತಲೆಯಾಡಿಸಿದೆ.

ಅವನು ಹೊಲದ ಕೆಳಬದಿಗೆ ಹೋಗಿ ಕೋಟು ಬಿಚ್ಚಿ ಅಗೆಯತೊಡಗಿದ. ನಾನು ಮಾತು ಮುಂದುವರಿಸಿದೆ. ನನ್ನ ಬಾಯಿ ಭೂಮಿಯ ನಾಡಿ, ಪೂರ್ವಜರ ಉಸಿರು ಎಂದೇನೋ ಹೇಳುತ್ತಿತ್ತು. ಕಿವಿ ಗುದ್ದಲಿಯ ಸದ್ದನ್ನು ಮಾತ್ರ ಕೇಳುತ್ತಿತ್ತು. ಎಲ್ಲರೂ ಹುಲ್ಲಿನ ಮೇಲೆ ಕುಳಿತು ತಿಂಡಿಯ ಪೊಟ್ಟಣ ಬಿಚ್ಚಿದಾಗ, ಗುಂಪಿನಲ್ಲಿದ್ದ ವಿನಿಫ್ರೆಡ್ ಆಲ್ಕಾಟ್ ಎಂಬ ನಿವೃತ್ತ ನರ್ಸ್ ತನ್ನ ಫ್ಲಾಸ್ಕ್ ಎತ್ತಿಕೊಂಡು ಅಪ್ಪನ ಕಡೆ ನಡೆದಳು. ಇಬ್ಬರೂ ಮಾತಾಡುವುದು ಕಾಣುತ್ತಿತ್ತು. ಅವನು ಈಗ ಹೇಳುತ್ತಾನೆ ಎಂದುಕೊಂಡೆ. ಅವನಿಗೆ ಮಾಡಿದ್ದಕ್ಕಲ್ಲ, ಸಿಕ್ಕಿಬೀಳುತ್ತೇನೆಂಬುದಕ್ಕೆ ನಾನಾಗ ಬೆವರಿದ್ದು.

ಆಕೆ ಮರಳಿ ಬಂದು ನನ್ನ ಪಕ್ಕದಲ್ಲಿ ಕುಳಿತಳು.

"ತಲೆ ಚೆನ್ನಾಗೇ ಇದೆಯಪ್ಪ ಆ ಯಜಮಾನ್ರಿಗೆ," ಎಂದಳು. "ಒಬ್ಬ ಮಗ ಇದ್ದಾನಂತೆ. ತುಂಬಾ ಬುದ್ಧಿವಂತನಂತೆ."

"ಹೌದಾ?"

"ಎಲ್ಲಿದ್ದಾನೆ ಅಂತ ಕೇಳ್ದೆ. ದೂರ ಇದ್ದಾನೆ, ಬಡಗಣ ಕಡೆ, ಬರೋದು ಅಪರೂಪ ಅಂದ್ರು." ಆಕೆ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ನನ್ನ ಮುಖವನ್ನೇ ನೋಡಿದಳು. ಅಪ್ಪನದೂ ನನ್ನದೂ ಒಂದೇ ಮೂಗು. ಆಕೆಗೆ ಗೊತ್ತಾಗಿತ್ತೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು.

ಸಂಜೆ ಮನೆಗೆ ಹೋದಾಗ ಅಪ್ಪ ಆಲೂಗಡ್ಡೆ ಬೇಯಿಸಿ, ಮೀನು ಹುರಿದು, ನನ್ನ ತಟ್ಟೆಯನ್ನು ಬೆಚ್ಚಗಿರಲೆಂದು ಒಲೆಯ ಮೇಲಿಟ್ಟಿದ್ದ.

"ಅಪ್ಪ, ಇವತ್ತು..."

"ಪೈಪು ಸಿಗ್ತು," ಎಂದ. "ಜಾಯಿಂಟು ಹೋಗಿತ್ತು. ಮೀನು ಆರೋಗುತ್ತೆ, ತಿನ್ನು."

ನಾನು ತಿಂದೆ. ಆಮೇಲೆ ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಅವನು ಎದ್ದು ಏನೋ ಕೆಲಸ ಹುಡುಕಿಕೊಂಡ. ಅದಾದ ಮೇಲೆ ಅಪ್ಪ ಶನಿವಾರ ಮನೆ ಬಿಟ್ಟು ಹೊರಗೆ ಹೋಗಲಿಲ್ಲ. ಯಾರಾದರೂ ಕೆಲಸಕ್ಕೆ ಕರೆದರೆ "ಶನಿವಾರ ಆಗಲ್ಲ ಕಣಪ್ಪ, ಸೋಮವಾರ ಬರ್ತೀನಿ" ಎನ್ನುತ್ತಿದ್ದ. ನನ್ನ ದಾರಿಗೆ ಅಡ್ಡ ಬರಬಾರದೆಂದು ತನ್ನ ವಾರದಿಂದ ಒಂದು ದಿನವನ್ನೇ ಕಿತ್ತುಹಾಕಿದ್ದ. ನನಗದು ಅರ್ಥವಾಗಿತ್ತು. ಆದರೂ ನಾನು ಪ್ರತಿ ಶನಿವಾರ ಹೋಗುತ್ತಲೇ ಇದ್ದೆ.

ಆಗಸ್ಟಿನಲ್ಲಿ ಪತ್ರಿಕೆ ಬಂತು. ಎರಡು ಪುಟ. ಏಳು ತಲೆಮಾರಿನ ಮಾಟಗಾತಿಯರು, ಅಂಗೈ ಮೇಲಿನ ಉಸಿರು, ಎಲ್ಲವೂ ಇತ್ತು. ದೊಡ್ಡ ಫೋಟೋದಲ್ಲಿ ನಾನು ಬಿಳಿ ಅಂಗಿಯಲ್ಲಿ ಕಡ್ಡಿ ಹಿಡಿದು ನಿಂತಿದ್ದೆ. ನನ್ನ ಹಿಂದೆ, ದೂರದಲ್ಲಿ, ಬಾಗಿ ಅಗೆಯುತ್ತಿರುವ ಒಬ್ಬ ಮುದುಕ.

ನಾನು ಅದನ್ನು ಮನೆಗೆ ತರಲಿಲ್ಲ. ಆದರೆ ಊರಿನ ಅಂಚೆಯಂಗಡಿಯಲ್ಲಿ ಅದು ಮಾರಾಟಕ್ಕಿತ್ತು. ಅಂಗಡಿ ನೋಡಿಕೊಳ್ಳುತ್ತಿದ್ದವಳು ಲವ್‌ಡೇ ಹಾಸ್ಕಿಂಗ್, ಅಮ್ಮನ ಗೆಳತಿ, ಬಾಯಿ ಜೋರು. ನಾನು ಬ್ರೆಡ್ಡು ತರಲು ಹೋದಾಗ ಅವಳು ಬ್ರೆಡ್ಡನ್ನು ಕೈಯಲ್ಲೇ ಹಿಡಿದುಕೊಂಡಳು.

"ಏನಪ್ಪಾ ಮೆರಿಯಾಸೆಕ್ ಮಹಾಶಯ, ನಿಮ್ಮಜ್ಜಿ ಮಾಟ ಮಾಡ್ತಿದ್ಲಾ? ಮೀನು ಸೀಳೋ ಚೂರೀಲಿ ಮಾಡ್ತಿದ್ಲೇನೋ!"

"ಬ್ರೆಡ್ ಕೊಡಿ, ಅತ್ತೆ."

"ಕೊಡ್ತೀನಿ ತಾಳು. ನಿಮ್ಮಪ್ಪ ಬಂದಿದ್ದ ನಿನ್ನೆ. ಈ ಪತ್ರಿಕೆ ತಗೊಂಡ. ಇಲ್ಲಿ ನಾಲ್ಕು ಜನ ನಿಂತಿದ್ರು, ಎಲ್ರಿಗೂ ತೋರಿಸ್ದ, 'ನಮ್ಮ ಹುಡುಗ, ಲಂಡನ್ ಪೇಪರ್ನಲ್ಲಿ' ಅಂತ. ನಾನು ನೋಡ್ದೆ. 'ಜೇಬೆಜ್, ಹಿಂದೆ ಅಗೀತಿರೋನು ನೀನಲ್ವೇನೋ, ಆ ಬೆನ್ನು ನಿಂದೇ ಅಲ್ವಾ' ಅಂದೆ. ಏನಂದ ಗೊತ್ತಾ? 'ನಾನಲ್ಲ ಲವ್‌ಡೇ, ಯಾರೋ ಹೊಲದ ಆಳು' ಅಂದ. ನಲವತ್ತು ವರ್ಷದಿಂದ ಆ ಬೆನ್ನು ನೋಡ್ತಿದ್ದೀನಿ ನಾನು. ಮನುಷ್ಯ ಯಾವತ್ತೂ ಸುಳ್ಳು ಹೇಳಿದವನಲ್ಲ. ಯಾಕೋ ಹೇಳ್ದ?"

ಬ್ರೆಡ್ಡು ಬಿಟ್ಟು ಹೊರಗೆ ಬಂದೆ. ಬಂದರಿನ ಗೋಡೆಯ ಮೇಲೆ ಎಷ್ಟು ಹೊತ್ತು ಕುಳಿತಿದ್ದೆನೋ. ಹೊಲದಲ್ಲಿ ನಾನು ಹೇಳಿದ ಸುಳ್ಳನ್ನು ಅವನು ಅಂಗಡಿಯಲ್ಲಿ ತನ್ನ ಬಾಯಿಂದ ಹೇಳಿ ಉಳಿಸಿಕೊಟ್ಟಿದ್ದ.

ಮುಂದಿನ ಶನಿವಾರ ಪತ್ರಿಕೆ ಓದಿ ಮೂವತ್ತಕ್ಕೂ ಹೆಚ್ಚು ಜನ ಬಂದಿದ್ದರು. ಕಲ್ಲಿನ ಬಳಿ ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ನನ್ನ ಹೆಸರು ಮೆಲ್ವಿನ್. ಅಜ್ಜಿ ಮೀನು ಸೀಳುತ್ತಿದ್ದವಳು. ನೀವು ನಿಂತಿರುವುದು ನನ್ನ ಅಪ್ಪ ಹಾಕಿದ ನೀರಿನ ಪೈಪಿನ ಮೇಲೆ. ಅವನನ್ನು ನಾನು ಇಲ್ಲೇ ಗೊತ್ತಿಲ್ಲ ಎಂದೆ.

ಅವರು ಬೈದು ಹೋಗುತ್ತಾರೆ ಎಂದುಕೊಂಡಿದ್ದೆ. ಒಬ್ಬಳು ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದಳು. ಉಳಿದವರೂ ತಟ್ಟಿದರು. ಗಡ್ಡದವನೊಬ್ಬ ಬಂದು ನನ್ನ ಹೆಗಲು ಹಿಡಿದ.

"ನಿಮ್ಮ ತಂದೆ ಪೈಪನ್ನ ಸರಿಯಾಗಿ ಇಲ್ಲೇ ಯಾಕೆ ಹಾಕಿದ್ರು, ಯೋಚನೆ ಮಾಡಿ ಗೆಳೆಯಾ. ರೇಖೆ ಅವರನ್ನ ಕರೀತು. ಅವರಿಗೇ ಗೊತ್ತಿರಲಿಲ್ಲ ಅಷ್ಟೆ."

"ತೊಟ್ಟಿ ಆ ಕಡೆ ಇದೆ, ಹೊಳೆ ಈ ಕಡೆ ಇದೆ, ಅದಕ್ಕೆ ಹಾಕಿದ," ಎಂದೆ. ಅವನು ನನ್ನನ್ನು ಕರುಣೆಯಿಂದ ನೋಡಿ ನಕ್ಕ. ನನ್ನ ನಾಚಿಕೆಯೂ ಅವರಿಗೆ ಒಂದು ಪ್ರದರ್ಶನವಾಯಿತು. ಅದೇ ನನ್ನ ಕೊನೆಯ ನಡಿಗೆ.

ಹೇಳಬೇಕಾದ ಜಾಗ ಅದಲ್ಲ, ಊರು ಎಂದುಕೊಂಡೆ. ಸೋಮವಾರ ಬೆಳಿಗ್ಗೆ ಪಿಂಚಣಿ ತೆಗೆದುಕೊಳ್ಳುವ ಹಿರಿಯರೆಲ್ಲ ಅಂಚೆಯಂಗಡಿಯಲ್ಲಿ ಸಾಲಾಗಿ ನಿಂತಿರುತ್ತಾರೆ. ಹೋಗಿ ಅವರ ಎದುರಿಗೆ ನಿಂತು, ಫೋಟೋದಲ್ಲಿರುವುದು ಅಪ್ಪನೇ, ನಾನು ಅವನನ್ನು ಗೊತ್ತಿಲ್ಲ ಎಂದೆ, ತಲೆ ಕೆಟ್ಟವನು ಎಂದು ಬೆರಳು ತಿರುಗಿಸಿದೆ, ಅವನು ನನ್ನ ಮಾನ ಉಳಿಸಲು ಸುಳ್ಳು ಹೇಳಿದ ಎಂದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಟ್ರೆಂಬಾತ್ ನೆಲ ನೋಡಿದ. ಲವ್‌ಡೇ ಅತ್ತೆ ಪಿಂಚಣಿಯ ದುಡ್ಡನ್ನು ಮತ್ತೆ ಮೊದಲಿಂದ ಎಣಿಸತೊಡಗಿದಳು. ನನಗೆ ಎದೆ ಹಗುರವಾಯಿತು. ಅದನ್ನು ಮುಚ್ಚಿಡುವುದಿಲ್ಲ, ಆಗ ನಿಜವಾಗಿಯೂ ಹಗುರವಾಯಿತು.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವನು ಹಿತ್ತಲಲ್ಲಿ ಕೋಸಿನ ಪಾತಿಯ ಕಳೆ ಕೀಳುತ್ತಿದ್ದ. ಕೇಳುತ್ತ ಕೇಳುತ್ತ ಅವನ ಕೈ ನಿಂತಿತು.

"ಬೆರಳಿನ ವಿಷಯಾನೂ ಹೇಳಿದ್ಯಾ?"

"ಎಲ್ಲಾ ಹೇಳ್ದೆ ಅಪ್ಪ. ಏನೂ ಮುಚ್ಚಿಡ್ಲಿಲ್ಲ."

ಅವನು ಮಂಡಿ ಹಿಡಿದು ಎದ್ದು ನಿಂತ. ಅಪ್ಪ ನನ್ನ ಮೇಲೆ ದನಿ ಎತ್ತಿದ್ದನ್ನು ಅಲ್ಲಿಯವರೆಗೆ ನಾನು ಕೇಳಿದ್ದಿಲ್ಲ.

"ಯಾರು ಹೇಳು ಅಂದ್ರು ನಿಂಗೆ? ಇಷ್ಟು ದಿನ ಅದು ನಿಂಗೊತ್ತಿತ್ತು, ನಂಗೊತ್ತಿತ್ತು. ಈಗ ಇಡೀ ಊರಿಗೆ ಗೊತ್ತು, ಜೇಬೆಜ್ ಕರ್ನೋನ ಮಗ ಅವನನ್ನ ಹುಚ್ಚ ಅಂದ ಅಂತ. ಭಾನುವಾರ ನಾನು ಚಾಪೆಲ್‌ಗೆ ಹೋದ್ರೆ ನನ್ನ ಮುಖ ನೋಡಿ ಪಾಪ ಅಂತಾರೆ. ನಿಮ್ಮಮ್ಮನ ಕಾಲದಲ್ಲಿ ಆರು ವರ್ಷ ಕೇಳಿದ್ದೀನಿ ಆ ಪಾಪಾನ. ಸಾಕಾಗಿತ್ತು ಕಣೋ ನಂಗೆ."

"ನಿನ್ನ ಹತ್ರ ಹೇಳ್ಬೇಕು ಅಂತ ಎಷ್ಟು ಸಲ ಬಂದೆ. ನೀನು ಎದ್ದು ಹೋಗ್ತಿದ್ದೆ."

"ಹೋಗ್ತಿದ್ದೆ. ಹಿಂದೆ ಬರ್ಬೇಕಿತ್ತು. ಕಾಲಿಲ್ವಾ ನಿಂಗೆ? ನಿನ್ನ ಎದೆ ಹಗುರ ಮಾಡ್ಕೊಳ್ಳೋಕೆ ನನ್ನ ಒಯ್ದು ಅಂಗಡೀಲಿ ನಿಲ್ಲಿಸ್ದೆ."

ಮಾತು ಮುಗಿಸಿ ಮತ್ತೆ ಕುಳಿತು ಕಳೆ ಕೀಳತೊಡಗಿದ. ನಾನು ಅಲ್ಲೇ ನಿಂತಿದ್ದೆ. ಹೊಲದಲ್ಲಿ ಒಂದು, ಅಂಗಡಿಯಲ್ಲಿ ಇನ್ನೊಂದು, ಹೀಗೆ ಎರಡು ಸಲ ಅವನನ್ನು ಬೀದಿಗೆ ತಂದಿದ್ದೆ. ಎರಡನೆಯದನ್ನು ಒಳ್ಳೆಯತನ ಎಂದುಕೊಂಡು ಮಾಡಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಪಾತಿಯ ಆ ಬದಿಯಲ್ಲಿ ಕುಳಿತು ನಾನೂ ಕಳೆ ಕೀಳಲು ಶುರು ಮಾಡಿದೆ. ಅವನು ಬೇಡ ಎನ್ನಲಿಲ್ಲ. ಸಾಲು ಮುಗಿಯುವ ಹೊತ್ತಿಗೆ, ತಲೆಯೆತ್ತದೆ, "ಅಪ್ಪ, ನಾನು ತಪ್ಪು ಮಾಡ್ದೆ" ಎಂದೆ. ಆ ಹಿತ್ತಲಲ್ಲಿ ನಾವಿಬ್ಬರೇ ಇದ್ದೆವು.

"ಹ್ಞೂಂ," ಎಂದ ಅಪ್ಪ. "ಬೇರು ಸಮೇತ ಕೀಳು. ಮೇಲೆ ಮೇಲೆ ಕಿತ್ರೆ ಮತ್ತೆ ಬರುತ್ತೆ."

ಅವನು ಆಮೇಲೆ ಆರು ವರ್ಷ ಬದುಕಿದ. ನಾನು ನೀರು ಸರಬರಾಜಿನವರಲ್ಲಿ ಕೆಲಸಕ್ಕೆ ಸೇರಿದೆ. ಅವನು ಚಾಪೆಲ್ಲಿಗೆ ಹೋಗುವುದನ್ನು ನಿಲ್ಲಿಸಲಿಲ್ಲ, ಆದರೆ ಹಿಂದಿನ ಸಾಲಿಗೆ ಬಂದು ಕೂರತೊಡಗಿದ, ಪ್ರಾರ್ಥನೆ ಮುಗಿದ ಕೂಡಲೇ ಎದ್ದು ಬರುತ್ತಿದ್ದ. ನಾನು ಅವನ ಪಕ್ಕದಲ್ಲಿ ಕೂರುತ್ತಿದ್ದೆ. ನಾವು ಹವೆ, ಕೋಸು, ಪೈಪಿನ ಜಾಯಿಂಟು ಎಲ್ಲ ಮಾತಾಡುತ್ತಿದ್ದೆವು. ನಗುವೂ ಬರುತ್ತಿತ್ತು ಒಮ್ಮೊಮ್ಮೆ. ಆದರೆ 'ನನ್ನ ರಾಜಾ' ಎಂದು ಅವನು ಮತ್ತೆ ಕರೆಯಲಿಲ್ಲ. ಕರೆಯಬಾರದೆಂದು ಹಟ ಹಿಡಿದಿದ್ದನೆಂದು ನನಗೆ ಅನಿಸುವುದಿಲ್ಲ. ಆ ಮಾತು ಅವನ ನಾಲಿಗೆಗೆ ಬರಲಿಲ್ಲ, ಅಷ್ಟೆ.

ಅವನು ತೀರಿಕೊಂಡಾಗ ಚಾಪೆಲ್ಲಿನಲ್ಲಿ ನಾಲ್ಕು ಮಾತಾಡು ಎಂದರು. ನಾನು ಅವನು ತೋಡಿದ ಬಾವಿಗಳ ಹೆಸರು ಹೇಳಿದೆ, ಯಾವ ಯಾವ ಹೊಲದಲ್ಲಿ, ಎಷ್ಟೆಷ್ಟು ಆಳ ಎಂದು. ಈ ವಿಷಯ ಎತ್ತಲಿಲ್ಲ. ಲವ್‌ಡೇ ಅತ್ತೆ ಮುಂದಿನ ಸಾಲಿನಲ್ಲಿ ಕುಳಿತು ನನ್ನನ್ನೇ ನೋಡುತ್ತಿದ್ದಳು. ಈಗ ಅವಳಿಲ್ಲ, ಟ್ರೆಂಬಾತನೂ ಇಲ್ಲ, ಅಂದು ಸಾಲಿನಲ್ಲಿ ನಿಂತಿದ್ದವರಲ್ಲಿ ಒಬ್ಬರೂ ಉಳಿದಿಲ್ಲ. ಅಪ್ಪನನ್ನು ನೆನೆದು ಪಾಪ ಎನ್ನುವವರು ಯಾರೂ ಇಲ್ಲವೆಂದು ಖಚಿತವಾದ ಮೇಲೆ ಇದನ್ನು ಬರೆದಿದ್ದೇನೆ.